ಮಂಗಳನ ಮಂಜುಗಡ್ಡೆ: ಕಲ್ಲಿನಡಿ ಆಳ, ಧೂಳಿನಡಿ ಹತ್ತಿರ

2008ರ ಜೂನ್‌ನಲ್ಲಿ ನಾಸಾದ ಫೀನಿಕ್ಸ್ ನೌಕೆ ಮಂಗಳನ ಉತ್ತರದ ಬಯಲಿನಲ್ಲಿ ತನ್ನ ಯಂತ್ರದ ಕೈಯಿಂದ ಮಣ್ಣು ಕೆರೆಯಿತು. ಸುಮಾರು ಐದು ಸೆಂಟಿಮೀಟರ್ ಕೆಳಗೇ ಗಟ್ಟಿ ಪದರ. ತೋಡಿದ ಗುಂಡಿಯಲ್ಲಿ ದಾಳದ ಗಾತ್ರದ ಬಿಳಿ ಚೂರುಗಳು ಕಂಡವು. ನಾಲ್ಕು ದಿನ ಬಿಟ್ಟು ನೋಡಿದರೆ ಅವು ಮಾಯ! ಉಪ್ಪಾಗಿದ್ದರೆ ಅಲ್ಲೇ ಬಿದ್ದಿರುತ್ತಿದ್ದವು. ಮಂಜುಗಡ್ಡೆಯಾದ್ದರಿಂದ ನೀರಾಗುವ ಗೋಜಿಗೂ ಹೋಗದೆ ಆವಿಯಾಗಿಬಿಟ್ಟಿದ್ದವು.

ಮಂಗಳನ ಗಾಳಿ ತೀರಾ ತೆಳು. ಅದರ ಒತ್ತಡ ನಮ್ಮ ಗಾಳಿಯ ಶೇಕಡಾ ಒಂದರಷ್ಟೂ ಇಲ್ಲ. ಹಾಗಾಗಿ ಮೇಲ್ಮಣ್ಣಿನ ಹೊದಿಕೆ ಇದ್ದರಷ್ಟೇ ಮಂಜುಗಡ್ಡೆಗೆ ಉಳಿಗಾಲ. ಬೇಸಿಗೆಯ ಬಿಸಿ ಎಲ್ಲಿಯವರೆಗೆ ಇಳಿಯುತ್ತದೋ ಅಲ್ಲಿಯವರೆಗಿನ ಮಂಜು ಆವಿಯಾಗಿ ಮಣ್ಣಿನ ಸಂದುಗಳಿಂದ ಹೊರಟುಹೋಗುತ್ತದೆ. ವರ್ಷವಿಡೀ ಹೋಗುವ ಆವಿಗೂ ಗಾಳಿಯಿಂದ ಬರುವ ಆವಿಗೂ ಸರಿಹೋಗುವ ಆಳದಲ್ಲಿ ಮಂಜುಗಡ್ಡೆ ನಿಲ್ಲುತ್ತದೆ.

ಆ ಆಳವನ್ನು ನಿರ್ಧರಿಸುವುದು ಮೇಲಿನ ನೆಲ. ಬಂಡೆ ಒಳ್ಳೆಯ ಮುಚ್ಚಳ ಅಂದುಕೊಳ್ಳುತ್ತೇವೆ, ಆದರೆ ಆಗುವುದು ಉಲ್ಟಾ. ಕಲ್ಲು ಬೇಸಿಗೆಯ ಬಿಸಿಯನ್ನು ಹೀರಿ ಸಲೀಸಾಗಿ ಕೆಳಕ್ಕೆ ದಾಟಿಸುತ್ತದೆ. ಸಡಿಲ ಧೂಳು ಕಂಬಳಿಯಂತೆ ಬಿಸಿಯನ್ನು ಮೇಲೇ ತಡೆಯುತ್ತದೆ. ಮಾರ್ಸ್ ಒಡಿಸ್ಸಿ ನೌಕೆಯ ಶಾಖ ಗ್ರಹಿಸುವ ಕ್ಯಾಮೆರಾದ ಚಿತ್ರಗಳಿಂದ ವಿಜ್ಞಾನಿ ಜೋಶುವಾ ಬ್ಯಾಂಡ್‌ಫೀಲ್ಡ್ 2007ರಲ್ಲಿ ಇದನ್ನೇ ತೋರಿಸಿದರು: ಕಲ್ಲು ಹೆಚ್ಚಿದ್ದಲ್ಲಿ ಮಂಜು ಆಳದಲ್ಲಿ, ಧೂಳು ಕವಿದಲ್ಲಿ ಮೇಲೆ. ಮುಂದಿನ ವರ್ಷ ಫೀನಿಕ್ಸ್ ತಂಡ 'ಹೆಡ್‌ಲೆಸ್' ಎಂಬ ಕಲ್ಲೊಂದನ್ನು ಯಂತ್ರದ ಕೈಯಿಂದ ಪಕ್ಕಕ್ಕೆ ತಳ್ಳಿದ್ದೂ ಅದರ ಅಡಿಯ ನೆಲ ಹೇಗಿದೆಯೆಂದು ನೋಡುವ ಆಸೆಯಿಂದಲೇ.

ಇಳಿಜಾರಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಧ್ರುವದ ಕಡೆ ಮುಖಮಾಡಿದ ಕಡಿದಾದ ಇಳಿಜಾರಿಗೆ ಬಿಸಿಲು ಬೀಳುವುದು ಕಡಿಮೆ. ಸಮತಟ್ಟು ನೆಲದಲ್ಲಿ ಮಂಜುಗಡ್ಡೆ ನಿಲ್ಲದ 25 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲೂ ಅಂಥ ಇಳಿಜಾರಿನಲ್ಲಿ ನಿಲ್ಲಬಹುದು ಎಂದು 2006ರ ಲೆಕ್ಕಾಚಾರವೊಂದು ಹೇಳಿತು. ಸುಳಿವು ಸಿಕ್ಕಿದ್ದು ಬಳಸುದಾರಿಯಲ್ಲಿ. ಇಂಥ ಇಳಿಜಾರುಗಳ ಮೇಲೆ ಚಳಿಗಾಲದಲ್ಲಿ ಕಾರ್ಬನ್ ಡೈಆಕ್ಸೈಡಿನ ಹಿಮ ಕಟ್ಟುತ್ತದೆ. ದಕ್ಷಿಣಾರ್ಧದಲ್ಲಿ ಅದು ನಿರೀಕ್ಷೆಗಿಂತ ಕಡಿಮೆ ಇತ್ತು. ಅಡಿಯಲ್ಲಿ ಹೂತ ನೀರಿನ ಮಂಜುಗಡ್ಡೆ ಬೇಸಿಗೆಯ ಬಿಸಿಯನ್ನು ಕೂಡಿಟ್ಟುಕೊಂಡು ಚಳಿಗಾಲದಲ್ಲಿ ಬಿಟ್ಟುಕೊಡುತ್ತಿದೆ ಎಂದರೆ ಮಾತ್ರ ಆ ಕೊರತೆ ಅರ್ಥವಾಗುತ್ತದೆ.

ಮುಂದೆ ಮಂಗಳಕ್ಕೆ ಮನುಷ್ಯರನ್ನು ಕಳಿಸುವವರಿಗೆ ಇದು ಪೇಚಿನ ಸಂಗತಿ. ಕುಡಿಯಲು, ಇಂಧನ ಮಾಡಲು ನೀರು ಬೇಕು. ಸೌರಫಲಕಕ್ಕೆ ಬಿಸಿಲು, ನೌಕೆ ಇಳಿಸಲು ಸಮತಟ್ಟು ಜಾಗ ಬೇಕು. ಸಮಭಾಜಕದ ಹತ್ತಿರ ಮಂಜುಗಡ್ಡೆ ಹುಡುಕಹೊರಟರೆ ಅದು ಸಿಕ್ಕೀತು ಅನ್ನಿಸುವುದು ಬಿಸಿಲು ಕಡಿಮೆಯಿರುವ, ಕಾಲೂರಲು ಕಷ್ಟವಾದ ಇಳಿಜಾರುಗಳಲ್ಲೇ.