ಕೆಲಸ ಕಳೆದುಕೊಂಡವರು ಮತ್ತೆ ಕಾಲೇಜಿಗೆ

1990ರಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ ಲೆವಿ ಸ್ಟ್ರಾಸ್ ಕಂಪೆನಿ ತನ್ನ ಹೊಲಿಗೆ ಕಾರ್ಖಾನೆಯೊಂದನ್ನು ಮುಚ್ಚಿತು. ಪ್ಯಾಂಟು ಹೊಲಿಯುವ ಕೆಲಸ ಕೂಲಿ ಅಗ್ಗವಾಗಿದ್ದ ಕೋಸ್ಟರಿಕಾ ದೇಶಕ್ಕೆ ಹೋಯಿತು. ಸಾವಿರಕ್ಕೂ ಹೆಚ್ಚು ಮಂದಿ ಬೀದಿಗೆ ಬಿದ್ದರು. ಅವರಲ್ಲಿ ಬಹುಪಾಲು ಮೆಕ್ಸಿಕನ್ ಮೂಲದ ಹೆಂಗಸರು. ವರ್ಷಗಟ್ಟಲೆ ಹೊಲಿಗೆ ಯಂತ್ರದ ಮುಂದೆ ಕೂತು ಕೈ ಪಳಗಿದವರು, ಆದರೆ ಶಾಲೆಯ ಓದು ಅರ್ಧಕ್ಕೇ ನಿಂತಿದ್ದವರು ಅನೇಕರು.

ಹಾಗೆಂದು ಊರಿನಲ್ಲಿ ಕೆಲಸವೇ ಇರಲಿಲ್ಲವೆಂದಲ್ಲ. ಆಸ್ಪತ್ರೆಗಳಿಗೆ ದಾದಿಯರು ಸಾಲುತ್ತಿರಲಿಲ್ಲ. ನುರಿತವರನ್ನು ಹೊರ ಊರುಗಳಿಂದ ಕರೆಸಿಕೊಳ್ಳಬೇಕಾಗಿತ್ತು. ಅದೇ ನಗರದಲ್ಲಿ ಕಡಿಮೆ ಶುಲ್ಕದ ಕಮ್ಯುನಿಟಿ ಕಾಲೇಜುಗಳಿದ್ದವು. ಸರ್ಕಾರದ ಹಣದಿಂದ ನಡೆಯುವ ಉದ್ಯೋಗ ತರಬೇತಿ ಯೋಜನೆಯೂ ಇತ್ತು. ಕೆಲಸ, ಕೆಲಸ ಬೇಕಾದವರು, ಕಾಲೇಜು, ಕಚೇರಿ ಎಲ್ಲವೂ ಒಂದೇ ಊರಿನಲ್ಲಿದ್ದೂ ಒಂದಕ್ಕೊಂದು ಕೂಡಿ ಬರಲಿಲ್ಲ.

ಇದು ಹೇಗಾಯಿತೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಕರ್ನಾಟಕದಲ್ಲಿ ಉದ್ಯೋಗ ವಿನಿಮಯ ಕೇಂದ್ರ ಮತ್ತು ಐ.ಟಿ.ಐ.ಗಳು ಬಹುಕಾಲ ಒಂದೇ ಇಲಾಖೆಯ ಕೆಳಗೆ ಇದ್ದವು; ಇಲಾಖೆಯ ಹೆಸರೇ ಉದ್ಯೋಗ ಮತ್ತು ತರಬೇತಿ ಇಲಾಖೆ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ಕಾಲೇಜಿನದು ಒಂದು ಮನೆ, ಉದ್ಯೋಗ ಕಚೇರಿಯದು ಇನ್ನೊಂದು ಮನೆ.

ಕಾಲೇಜಿನ ಕಥೆ ಆರಂಭವಾಗುವುದು 1901ರಲ್ಲಿ, ಇಲಿನಾಯ್ ರಾಜ್ಯದ ಜೋಲಿಯೆಟ್ ಎಂಬ ಊರಿನಲ್ಲಿ. ಪ್ರೌಢಶಾಲೆ ಮುಗಿಸಿದ ಹುಡುಗರು ದೂರದ ವಿಶ್ವವಿದ್ಯಾಲಯಕ್ಕೆ ಹೋಗದೆ ಊರಿನಲ್ಲೇ ಇನ್ನೆರಡು ವರ್ಷ ಓದಲೆಂದು ತೆರೆದ ಜೂನಿಯರ್ ಕಾಲೇಜು ಅದು. ಮೊದಲ ವರ್ಷ ಇದ್ದವರು ಆರೇ ವಿದ್ಯಾರ್ಥಿಗಳು. ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರಲ್ಲಿ ಇಂಥ ಕಾಲೇಜುಗಳು ದೇಶದ ತುಂಬ ಬೇಕೆಂದು ಹೇಳಿತು. ಕಮ್ಯುನಿಟಿ ಕಾಲೇಜು ಎಂಬ ಹೆಸರು ಜನಜನಿತವಾದದ್ದು ಆಗಲೇ. ಇಂದು ಅಲ್ಲಿ ಸುಮಾರು ಒಂದು ಸಾವಿರ ಕಮ್ಯುನಿಟಿ ಕಾಲೇಜುಗಳಿವೆ. ಅಂಕಪಟ್ಟಿ ನೋಡಿ ಬಾಗಿಲು ಹಾಕುವ ಪದ್ಧತಿ ಅಲ್ಲಿಲ್ಲ. ಹದಿನೆಂಟರ ಹುಡುಗಿಯ ಪಕ್ಕದಲ್ಲಿ ನಲವತ್ತೈದರ ಲಾರಿ ಚಾಲಕ ಕೂತಿರಬಹುದು. (ಭಾರತಕ್ಕೆ ಈ ಹೆಸರು 1995ರಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯದ ಮೂಲಕ ಬಂದಿತು.)

ಉದ್ಯೋಗ ಕಚೇರಿಯ ಕಥೆ ಬೇರೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ, 1933ರ ಕಾಯ್ದೆಯೊಂದರಿಂದ, ಕೆಲಸ ಹುಡುಕುವವರನ್ನೂ ಕೊಡುವವರನ್ನೂ ಸೇರಿಸುವ ಸರ್ಕಾರಿ ಕಚೇರಿಗಳು ದೇಶದಾದ್ಯಂತ ನೆಲೆಯೂರಿದವು. ಯಂತ್ರಗಳು ಮನುಷ್ಯನ ಕೆಲಸ ಕಸಿಯುತ್ತಿವೆ ಎಂಬ ಭಯ ಹಬ್ಬಿದಾಗ, 1962ರಲ್ಲಿ, ಕೆಲಸ ಕಳೆದುಕೊಂಡವರಿಗೆ ಹೊಸ ಕಸುಬು ಕಲಿಸಲು ಫೆಡರಲ್ ಸರ್ಕಾರ ಹಣ ಕೊಡತೊಡಗಿತು. ಆ ಕಾಯ್ದೆ ಹೋಗಿ 1973ರಲ್ಲಿ ಇನ್ನೊಂದು, 1982ರಲ್ಲಿ ಮತ್ತೊಂದು, 1998ರಲ್ಲಿ ಮಗದೊಂದು, 2014ರಲ್ಲಿ ಇನ್ನೂ ಒಂದು ಬಂದವು. ಹೆಸರು ಬದಲಾದಷ್ಟು ಸುಲಭವಾಗಿ ತಿರುಳು ಬದಲಾಗಲಿಲ್ಲ. ಹಣ ವಾಷಿಂಗ್ಟನ್ನಿನಿಂದ ರಾಜ್ಯಕ್ಕೆ, ರಾಜ್ಯದಿಂದ ಸ್ಥಳೀಯ ಉದ್ಯೋಗ ಮಂಡಳಿಗೆ ಇಳಿಯುತ್ತದೆ. ಆ ಮಂಡಳಿಯಲ್ಲಿ ಉದ್ಯಮದವರೇ ಹೆಚ್ಚು ಇರಬೇಕೆಂಬುದು ನಿಯಮ. ಮಂಡಳಿಯ ಕೇಂದ್ರಕ್ಕೆ ಬಂದ ನಿರುದ್ಯೋಗಿಗೆ ತರಬೇತಿ ಬೇಕೆಂದು ಕಂಡರೆ, ಒಪ್ಪಿತ ಪಟ್ಟಿಯಲ್ಲಿರುವ ಕೋರ್ಸಿನ ಶುಲ್ಕವನ್ನು ಕೇಂದ್ರವೇ ಕೊಡುತ್ತದೆ. ಆ ಪಟ್ಟಿಯಲ್ಲಿ ಕಮ್ಯುನಿಟಿ ಕಾಲೇಜು ಇರುತ್ತದೆ, ಖಾಸಗಿ ತರಬೇತಿ ಶಾಲೆಗಳೂ ಇರುತ್ತವೆ.

ಕಾಗದದ ಮೇಲೆ ಇದು ಸರಳ. ತೊಡಕು ಇರುವುದು ಲೆಕ್ಕ ಇಡುವ ರೀತಿಯಲ್ಲಿ. ಕಾಲೇಜು ಲೆಕ್ಕ ಇಡುವುದು ಸೆಮಿಸ್ಟರಿನಲ್ಲಿ, ದಾಖಲಾದವರ ಸಂಖ್ಯೆಯಲ್ಲಿ. ಉದ್ಯೋಗ ಕಚೇರಿಯನ್ನು ಅಳೆಯುವುದು, ಅದರ ಕೈದಾಟಿ ಹೋದವರಲ್ಲಿ ಆರು ತಿಂಗಳು, ವರ್ಷದ ಮೇಲೆ ಎಷ್ಟು ಮಂದಿ ನೌಕರಿಯಲ್ಲಿದ್ದಾರೆ, ಎಷ್ಟು ಸಂಪಾದಿಸುತ್ತಿದ್ದಾರೆ ಎಂಬುದರಿಂದ. ಇನ್ನು ಕೆಲಸ ಕಳೆದುಕೊಂಡವನ ಲೆಕ್ಕವೇ ಬೇರೆ: ಹೆಚ್ಚಿನ ರಾಜ್ಯಗಳಲ್ಲಿ ನಿರುದ್ಯೋಗ ಭತ್ಯೆ ಸಿಗುವುದು ಗರಿಷ್ಠ 26 ವಾರ. ದಾದಿಯ ಓದಿಗೆ ಎರಡು ವರ್ಷ ಬೇಕು. ಅದಕ್ಕೆ ಮೊದಲು ಗಣಿತ, ಜೀವಶಾಸ್ತ್ರಗಳ ಪೂರ್ವಸಿದ್ಧತೆ ಬೇರೆ. 26 ವಾರದ ಅನ್ನಕ್ಕೂ ಎರಡು ವರ್ಷದ ಓದಿಗೂ ಯಾವ ಜೋಯಿಸನೂ ಹೊಂದಾಣಿಕೆ ಮಾಡಲಾರ. ಹಾಗಾಗಿ ಕಚೇರಿಗಳು ಕೆಲವು ವಾರಗಳ ಕೋರ್ಸುಗಳತ್ತಲೇ ವಾಲುವುದು, ಬೇಗ ದಡ ಸೇರುವಂಥವರನ್ನೇ ಆರಿಸುವುದು ನಡೆದುಬಂತು. 1998ರ ಕಾಯ್ದೆಯಂತೂ ಮೊದಲು ಕೆಲಸ ಹುಡುಕು, ಸಿಗದಿದ್ದರೆ ಮಾತ್ರ ತರಬೇತಿ ಎಂಬ ಮೆಟ್ಟಿಲುಗಳನ್ನು ಕಟ್ಟಿತು. 2014ರಲ್ಲಿ ಅವನ್ನು ತೆಗೆಯಬೇಕಾಯಿತು.

ಸ್ಯಾನ್ ಆಂಟೋನಿಯೊದಲ್ಲಿ ಈ ತೊಡಕಿಗೆ ಕೈ ಹಾಕಿದವರು ಕಾಲೇಜಿನವರೂ ಅಲ್ಲ, ಅಧಿಕಾರಿಗಳೂ ಅಲ್ಲ. ಚರ್ಚುಗಳ ಸುತ್ತ ಬೆಳೆದ ಕಾಪ್ಸ್ ಮತ್ತು ಮೆಟ್ರೋ ಅಲಯನ್ಸ್ ಎಂಬ ಎರಡು ಜನಸಂಘಟನೆಗಳು. ಮನೆಮನೆಗಳಲ್ಲಿ ಸಭೆ ಸೇರಿಸಿ ಜನರ ಮಾತು ಕೇಳುವುದು ಅವರ ಪದ್ಧತಿ. ಆ ಸಭೆಗಳಲ್ಲಿ ಮತ್ತೆ ಮತ್ತೆ ಬಂದ ದೂರು ಒಂದೇ: ತರಬೇತಿ ಮುಗಿಯುತ್ತದೆ, ಕೆಲಸ ಮಾತ್ರ ಸಿಗುವುದಿಲ್ಲ. ಸಂಘಟನೆಯವರು ಮೊದಲು ಹೋದದ್ದು ಉದ್ಯೋಗದಾತರ ಬಳಿಗೆ. ನಿಮ್ಮಲ್ಲಿ ಯಾವ ಕೆಲಸ ಖಾಲಿಯಿದೆ, ಸಂಬಳ ಎಷ್ಟು, ತರಬೇತಾದವರನ್ನು ತೆಗೆದುಕೊಳ್ಳುತ್ತೀರಾ ಎಂದು ಕೇಳಿ ಮಾತು ಪಡೆದುಕೊಂಡರು. ಆಮೇಲೆ ನಗರ ಮತ್ತು ರಾಜ್ಯ ಸರ್ಕಾರಗಳ ಹಣಕ್ಕೆ ಹೋದರು, ಕಾಲೇಜಿನ ಬಾಗಿಲು ತಟ್ಟಿದರು. 1992ರಲ್ಲಿ ಹುಟ್ಟಿದ ಈ ಏರ್ಪಾಡಿನ ಹೆಸರು ಪ್ರಾಜೆಕ್ಟ್ ಕ್ವೆಸ್ಟ್.

ಕ್ವೆಸ್ಟ್ ಸ್ವತಃ ಪಾಠ ಮಾಡಲಿಲ್ಲ. ಪಾಠ ಕಮ್ಯುನಿಟಿ ಕಾಲೇಜಿನದು. ಕ್ವೆಸ್ಟ್ ಮಾಡಿದ್ದು ಉಳಿದದ್ದನ್ನೆಲ್ಲ. ಶುಲ್ಕ, ಪುಸ್ತಕ, ಬಸ್ಸಿನ ಖರ್ಚು, ಮಗುವನ್ನು ನೋಡಿಕೊಳ್ಳುವ ವ್ಯವಸ್ಥೆಗೆ ನೆರವು. ಗಣಿತದಲ್ಲಿ ಹಿಂದೆ ಬಿದ್ದವರಿಗೆ ಬೇರೆ ತರಗತಿ. ವಾರಕ್ಕೊಮ್ಮೆ ಎಲ್ಲರನ್ನೂ ಕೂಡಿಸಿ ಸಲಹೆಗಾರರು ನಡೆಸುವ ಸಭೆ. ಓದು ಬಿಡುವವರು ಬಿಡುವುದು ಬಹಳ ಸಲ ಪಾಠ ತಲೆಗೆ ಹತ್ತದೆ ಅಲ್ಲ, ಮಗುವಿಗೆ ಜ್ವರ ಬಂದು ಅಥವಾ ಕಾರು ಕೆಟ್ಟು ಎಂಬುದನ್ನು ಅದು ಅರಿತಿತ್ತು. ಜೀವನಕ್ಕೆ ಭತ್ಯೆ ಮಾತ್ರ ಇರಲಿಲ್ಲ, ದುಡಿಯುತ್ತಲೇ ಓದಬೇಕಾಗಿತ್ತು.

ಇಂಥ ಯೋಜನೆಗಳ ಫಲ ತೂಗುವುದು ಕಷ್ಟ. ಉತ್ಸಾಹಿಗಳು ತಾವಾಗಿ ಸೇರಿದರೆ, ಗೆಲುವು ತರಬೇತಿಯದೋ ಉತ್ಸಾಹದ್ದೋ ಹೇಳುವುದು ಹೇಗೆ? 2006ರಿಂದ 2008ರವರೆಗೆ 410 ಅರ್ಜಿದಾರರನ್ನು ಲಾಟರಿಯಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಕ್ವೆಸ್ಟ್‌ಗೆ ಪ್ರವೇಶ ಕೊಟ್ಟು, ಇಬ್ಬರನ್ನೂ ವರ್ಷಗಟ್ಟಲೆ ಹಿಂಬಾಲಿಸಲಾಯಿತು. ಮೊದಲ ವರ್ಷ ಕ್ವೆಸ್ಟ್‌ನವರ ಸಂಪಾದನೆಯೇ ಕಡಿಮೆ, ಓದಿನಲ್ಲಿದ್ದರಲ್ಲ. ಒಂಬತ್ತನೆಯ ವರ್ಷದ ಹೊತ್ತಿಗೆ ಅವರು ಇನ್ನೊಂದು ಗುಂಪಿನವರಿಗಿಂತ ವರ್ಷಕ್ಕೆ ಸುಮಾರು 5,000 ಡಾಲರ್ ಹೆಚ್ಚು ಗಳಿಸುತ್ತಿದ್ದರು. ತಲಾ ಖರ್ಚು 10,000 ಡಾಲರಿಗೂ ಮೇಲಾಗಿತ್ತು. ಆರು ತಿಂಗಳ ಅಳತೆಗೋಲು ಹಿಡಿದು ನೋಡಿದ್ದರೆ ಇದು ಸೋತ ಯೋಜನೆಯಂತೆಯೇ ಕಾಣುತ್ತಿತ್ತು.

ಇನ್ನೊಂದು ಊರಿನ ಅನುಭವ ಕಹಿಯಾದದ್ದು. ಉತ್ತರದ ವಿಸ್ಕಾನ್ಸಿನ್ ರಾಜ್ಯದ ಜೇನ್ಸ್‌ವಿಲ್‌ನಲ್ಲಿ ಜನರಲ್ ಮೋಟರ್ಸ್ ಕಂಪೆನಿ 1919ರಿಂದ ಕಾರ್ಖಾನೆ ನಡೆಸುತ್ತಿತ್ತು. ಅಜ್ಜ, ಅಪ್ಪ, ಮಗ ಎಲ್ಲರೂ ಅದೇ ಗೇಟಿನಲ್ಲಿ ಒಳಹೋದ ಮನೆಗಳು ಅಲ್ಲಿದ್ದವು. 2008ರ ಡಿಸೆಂಬರ್ 23ರಂದು, ಕ್ರಿಸ್‌ಮಸ್‌ಗೆ ಎರಡು ದಿನ ಇರುವಾಗ, ಕೊನೆಯ ಗಾಡಿ ಹೊರಬಂತು. ಅದರ ಜೊತೆಗೆ ಸೀಟು ಮುಂತಾದವನ್ನು ಒದಗಿಸುತ್ತಿದ್ದ ಘಟಕಗಳೂ ಮುಚ್ಚಿದವು. ಸರ್ಕಾರಿ ಉದ್ಯೋಗ ಕೇಂದ್ರ ಹೇಳಿದ್ದು ಸಹಜವಾಗಿಯೇ: ಮತ್ತೆ ಓದಿ. ಬ್ಲಾಕ್‌ಹಾಕ್ ಟೆಕ್ನಿಕಲ್ ಕಾಲೇಜು ತುಂಬಿ ತುಳುಕಿತು. ಹೊಸ ತರಗತಿ ತೆರೆಯಿತು, ಅಧ್ಯಾಪಕರು ಶಕ್ತಿಮೀರಿ ದುಡಿದರು. ಬಂದವರಲ್ಲಿ ಹಲವರಿಗೆ ಕಂಪ್ಯೂಟರ್ ಚಾಲೂ ಮಾಡುವುದೂ ತಿಳಿಯದು ಎಂದು ಗೊತ್ತಾದಾಗ ಅದಕ್ಕೇ ಒಂದು ತರಬೇತಿ ಏರ್ಪಡಿಸಬೇಕಾಯಿತು. ಕೈಬರಹದ ಉತ್ತರ ಒಪ್ಪುವುದಿಲ್ಲವೆಂದು ತಿಳಿದು ಕೆಲವರು ಓದನ್ನೇ ಬಿಟ್ಟರು.

ಪತ್ರಕರ್ತೆ ಆಮಿ ಗೋಲ್ಡ್‌ಸ್ಟೀನ್ ಈ ಊರಿನ ಬಗ್ಗೆ 2017ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಅರ್ಥಶಾಸ್ತ್ರಜ್ಞರ ನೆರವಿನಿಂದ ದಾಖಲೆಗಳನ್ನು ತಾಳೆ ನೋಡಿದರು. ಮತ್ತೆ ಓದಿದವರ ಸ್ಥಿತಿ ಓದದವರಿಗಿಂತ ಉತ್ತಮವಾಗಿರಲಿಲ್ಲ, ಸಂಬಳವೂ ಕಡಿಮೆಯೇ. ಇದು ಲಾಟರಿ ಎತ್ತಿ ಮಾಡಿದ ಹೋಲಿಕೆಯಲ್ಲ ಎಂಬುದನ್ನು ಮರೆಯಬಾರದು. ಆದರೂ ಕಾರಣ ಊಹಿಸಲು ಕಷ್ಟವಿಲ್ಲ. ದೇಶವೇ ಹಿಂಜರಿತದಲ್ಲಿತ್ತು, ಇದ್ದ ನಾಲ್ಕು ಕೆಲಸಗಳನ್ನು ಮೊದಲು ಬಂದವರು ಹಿಡಿದಾಗಿತ್ತು. ಓದು ಮುಗಿಸಿ ಬಂದವರು ಸರತಿಯ ಕೊನೆಯಲ್ಲಿ ನಿಂತರು. ಕೆಲವರು ಕಂಪೆನಿಯ ಹಳೆಯ ಸಂಬಳ ಉಳಿಸಿಕೊಳ್ಳಲೆಂದು ಇಂಡಿಯಾನಾ ರಾಜ್ಯದ ಫೋರ್ಟ್ ವೇನ್ ಕಾರ್ಖಾನೆಗೆ ಹೋಗಿ, ವಾರವೆಲ್ಲ ಅಲ್ಲಿದ್ದು ವಾರಾಂತ್ಯಕ್ಕೆ ಮನೆಗೆ ಬರುತ್ತಿದ್ದರು.

ಎರಡೂ ಊರುಗಳಲ್ಲಿ ಕಾಲೇಜಿತ್ತು, ಕಚೇರಿಯಿತ್ತು, ಕೂಡಿ ನಡೆಯುವ ಮನಸ್ಸೂ ಇತ್ತು. ಸ್ಯಾನ್ ಆಂಟೋನಿಯೊದಲ್ಲಿ ದಾದಿಗಾಗಿ ಕಾಯುವ ಆಸ್ಪತ್ರೆಗಳಿದ್ದವು, ಜೇನ್ಸ್‌ವಿಲ್‌ನಲ್ಲಿ ಹಾಗೆ ಕಾಯುವವರು ಇರಲಿಲ್ಲ. ಕಾಲೇಜು ಕೆಲಸಕ್ಕೆ ಜನರನ್ನು ಸಿದ್ಧಗೊಳಿಸಬಹುದು. ಇಲ್ಲದ ಕೆಲಸವನ್ನು ಹುಟ್ಟಿಸಲಾರದು. ಇಷ್ಟು ಸ್ಪಷ್ಟ ಮಾತನ್ನು ರಾಜಕಾರಣಿಗಳು ಹೇಳಲು ಹಿಂಜರಿಯುತ್ತಾರೆ. ಕಾರ್ಖಾನೆ ಮುಚ್ಚಿದ ಊರಿನಲ್ಲಿ ತರಬೇತಿಯ ಭರವಸೆ ಕೊಡುವುದೇ ಅವರಿಗೆ ಸುಲಭ.

ಓದಿನ ಅವಧಿಯ ಪ್ರಶ್ನೆಯಂತೂ ಇನ್ನೂ ಜೀವಂತ. 2025ರ ಜುಲೈನಲ್ಲಿ ಅಮೆರಿಕದ ಸಂಸತ್ತು, ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಸಹಾಯಧನವನ್ನು 8ರಿಂದ 15 ವಾರಗಳ ಕಿರು ಕೋರ್ಸುಗಳಿಗೂ ವಿಸ್ತರಿಸಿತು. ಜಾರಿಯ ದಿನ 2026ರ ಜುಲೈ 1 ಎಂದು ಗೊತ್ತುಮಾಡಿತು. ಸೇರಿದವರಲ್ಲಿ ನೂರಕ್ಕೆ 70 ಮಂದಿ ಕೋರ್ಸು ಮುಗಿಸಬೇಕು, ಮುಗಿಸಿದವರಲ್ಲಿ ನೂರಕ್ಕೆ 70 ಮಂದಿಗೆ ಕೆಲಸ ಸಿಕ್ಕಿರಬೇಕು ಎಂಬ ಷರತ್ತನ್ನೂ ಹಾಕಿತು.