ಖಿನ್ನತೆಗೆ ಅಮಿಟ್ರಿಪ್ಟಿಲಿನ್ ಮಾತ್ರೆ: ಮನೆಯವರು ತಿಳಿದಿರಬೇಕಾದ ವಿಷಯಗಳು

ಖಿನ್ನತೆಯೆಂಬುದು ಒಂದೆರಡು ದಿನದ ಬೇಸರವಲ್ಲ. ಎರಡು ವಾರಗಳಿಗೂ ಮೀರಿ ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಯಾವ ಕೆಲಸದಲ್ಲಿಯೂ ಆಸಕ್ತಿಯಿಲ್ಲದಿರುವುದು, ನಸುಕಿನಲ್ಲಿಯೇ ಎಚ್ಚರವಾಗಿ ಮತ್ತೆ ನಿದ್ರೆ ಬಾರದಿರುವುದು, ಊಟ ಸೇರದಿರುವುದು, ತಾನು ಮನೆಗೆ ಭಾರವೆಂಬ ಭಾವನೆ ಬಲಿಯುವುದು - ಇವೆಲ್ಲ ಕಾಯಿಲೆಯ ಲಕ್ಷಣಗಳು. ಆದರೆ ನಮ್ಮ ಹಳ್ಳಿಗಳಲ್ಲಿ ಮನಸ್ಸು ಸರಿಯಿಲ್ಲವೆಂದು ಹೇಳಿಕೊಂಡು ಆಸ್ಪತ್ರೆಗೆ ಬರುವವರು ಅಪರೂಪ. ಮೈಕೈ ನೋವು, ತಲೆಭಾರ, ಸುಸ್ತು ಎಂದೇ ಬರುತ್ತಾರೆ. ಇಂಥವರಲ್ಲಿ ಕೆಲವರಿಗೆ ವೈದ್ಯರು ಬರೆದುಕೊಡುವ ಔಷಧಗಳಲ್ಲಿ ಅಮಿಟ್ರಿಪ್ಟಿಲಿನ್ ಒಂದು.

ಈ ವರ್ಗದ ಮೊದಲ ಔಷಧವಾದ ಇಮಿಪ್ರಮಿನ್ ಖಿನ್ನತೆಯನ್ನು ತಗ್ಗಿಸುತ್ತದೆಂಬುದನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ರೋಲಾಂಡ್ ಕುನ್ 1957ರಲ್ಲಿ ಪ್ರಕಟಪಡಿಸಿದರು. ಅದೇ ಜಾತಿಯ ಅಮಿಟ್ರಿಪ್ಟಿಲಿನ್ 1961ರಲ್ಲಿ ಬಳಕೆಗೆ ಬಂದಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಕಾರ್ಯಕ್ರಮವು, ತರಬೇತಿ ಪಡೆದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರೇ ಇಂಥ ಕಾಯಿಲೆಗಳಿಗೆ ಚಿಕಿತ್ಸೆ ನೀಡಬಲ್ಲರೆಂಬುದನ್ನು ತೋರಿಸಿಕೊಟ್ಟಿತು. ಇಂದು ಫ್ಲುಆಕ್ಸೆಟಿನ್, ಎಸಿಟಲೊಪ್ರಾಮ್ ಮುಂತಾದ ಹೊಸ ಔಷಧಗಳನ್ನು ಮೊದಲು ಕೊಡುವುದು ವಾಡಿಕೆ. ಅವು ಹಿಡಿಸದವರಿಗೆ, ನಿದ್ರೆ ಕೆಟ್ಟು ನೋವೂ ಜೊತೆಗಿರುವವರಿಗೆ ಅಮಿಟ್ರಿಪ್ಟಿಲಿನ್ ಈಗಲೂ ಉಪಯೋಗದಲ್ಲಿದೆ. ನರಗಳ ನೋವಿಗೂ ಮೈಗ್ರೇನ್ ತಲೆನೋವಿಗೂ ಇದೇ ಮಾತ್ರೆಯನ್ನು ಕಡಿಮೆ ಪ್ರಮಾಣದಲ್ಲಿ ಕೊಡುವುದುಂಟು. ಆದ್ದರಿಂದ ಇದನ್ನು ನುಂಗುವವರೆಲ್ಲ ಮನೋರೋಗಿಗಳೆಂದು ಭಾವಿಸಬಾರದು.

ಈ ಔಷಧದಲ್ಲಿ ಒಂದು ತೊಡಕಿದೆ. ಅದರ ಅಡ್ಡ ಪರಿಣಾಮಗಳು ಮೊದಲ ದಿನದಿಂದಲೇ ಕಾಣಿಸುತ್ತವೆ. ಗುಣವಾದರೋ ಎರಡು ವಾರಗಳ ನಂತರ ನಿಧಾನವಾಗಿ ತೋರಿ, ಪೂರ್ಣ ಫಲ ದೊರೆಯಲು ನಾಲ್ಕರಿಂದ ಆರು ವಾರಗಳು ಹಿಡಿಯಬಹುದು. ಈ ನಡುವಣ ಕಾಲದಲ್ಲಿಯೇ ಬಹುಮಂದಿ ಮಾತ್ರೆಯನ್ನು ಬಿಟ್ಟುಬಿಡುತ್ತಾರೆ. ನನ್ನಲ್ಲಿಗೆ ಬಂದ ಗೃಹಿಣಿಯೊಬ್ಬರು ಹತ್ತನೆಯ ದಿನ ಮಾತ್ರೆಗಳನ್ನು ಮೇಜಿನ ಮೇಲಿಟ್ಟು, "ಡಾಕ್ಟ್ರೇ, ಇದು ಬಹಳ ಉಷ್ಣ, ನಮ್ಮತ್ತೆಯವರು ಬೇಡವೆಂದರು" ಎಂದರು. ಬಾಯಿ ಒಣಗಿತ್ತು, ಮಲಬದ್ಧತೆಯಾಗಿತ್ತು. ಉಷ್ಣವೆಂದು ಅತ್ತೆಯವರು ಊಹಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಇದು ದೇಹದ ಉಷ್ಣವಲ್ಲ. ಜೊಲ್ಲನ್ನು ಒಸರಿಸುವ, ಕರುಳನ್ನು ಚಲಿಸುವ ನರಗಳ ಸಂದೇಶವನ್ನು ಈ ಔಷಧವು ತಡೆಯುವುದರಿಂದ ಹೀಗಾಗುತ್ತದೆ. ತಪ್ಪು ನಮ್ಮದೂ ಹೌದು. ಚೀಟಿ ಬರೆದುಕೊಡುವಾಗಲೇ ಎರಡು ಮಾತು ಹೇಳಿದ್ದರೆ ಆಕೆಯ ಹತ್ತು ದಿನಗಳು ವ್ಯರ್ಥವಾಗುತ್ತಿರಲಿಲ್ಲ. ಅತ್ತೆಯವರನ್ನೂ ಕರೆಸಿ ತಿಳಿಸಿದ ಮೇಲೆ ಚಿಕಿತ್ಸೆ ಮುಂದುವರಿಯಿತು. ಮರುತಿಂಗಳ ಕೊನೆಗೆ ಆಕೆ ತಾವಾಗಿಯೇ ಅಡಿಗೆಮನೆಗೆ ಹೋಗತೊಡಗಿದ್ದರು.

ಬಾಯಿ ಒಣಗಿದರೆ ಆಗಾಗ್ಗೆ ಗುಟುಕು ನೀರು ಕುಡಿಯಬೇಕು, ಒಂದು ಏಲಕ್ಕಿಯನ್ನು ಬಾಯಲ್ಲಿಟ್ಟುಕೊಳ್ಳಬಹುದು. ಸಕ್ಕರೆಯ ಪೆಪ್ಪರಮಿಂಟನ್ನು ಸದಾ ಚೀಪಿದರೆ ಹಲ್ಲು ಹುಳುಕಾಗುತ್ತದೆ. ಮಲಬದ್ಧತೆಗೆ ಸೊಪ್ಪು, ಹಣ್ಣು, ಸಾಕಷ್ಟು ನೀರು ಒಳ್ಳೆಯದು. ತೂಕಡಿಕೆ, ಹತ್ತಿರದ ಅಕ್ಷರ ಮಸುಕಾಗುವುದು, ಬೆವರು, ಕೈ ನಡುಕ, ದಿನ ಕಳೆದಂತೆ ತೂಕ ಹೆಚ್ಚುವುದು, ದಾಂಪತ್ಯಸುಖದಲ್ಲಿ ತೊಂದರೆ - ಇವೂ ಉಂಟು. ಕೊನೆಯದನ್ನು ಹೇಳಲು ಸಂಕೋಚಪಟ್ಟು ಮಾತ್ರೆಯನ್ನೇ ನಿಲ್ಲಿಸುವವರಿದ್ದಾರೆ. ವೈದ್ಯರೊಡನೆ ನಾಚಿಕೆ ಬೇಡ. ತೂಕಡಿಕೆಯಿರುವವರು ವಾಹನವನ್ನಾಗಲಿ ಒಕ್ಕಣೆಯ ಯಂತ್ರವನ್ನಾಗಲಿ ನಡೆಸಕೂಡದು. ಮಲಗಿದ್ದವರು ಥಟ್ಟನೆ ಎದ್ದರೆ ರಕ್ತದೊತ್ತಡ ಕುಸಿದು ಕಣ್ಣು ಕತ್ತಲಿಡಬಹುದು. ರಾತ್ರಿ ಮೂತ್ರಕ್ಕೆ ಏಳುವ ವೃದ್ಧರು ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವುದು ಹೀಗೆಯೇ. ಹಾಸಿಗೆಯಲ್ಲಿ ಒಂದು ನಿಮಿಷ ಕುಳಿತು, ಆಮೇಲೆ ನಿಲ್ಲುವುದು ಕ್ಷೇಮ.

ವೈದ್ಯರು ಸಾಮಾನ್ಯವಾಗಿ ರಾತ್ರಿ ಹೊತ್ತು 25 ಮಿಲಿಗ್ರಾಂನಿಂದ, ವಯಸ್ಸಾದವರಲ್ಲಿ 10 ಮಿಲಿಗ್ರಾಂನಿಂದ ಪ್ರಾರಂಭಿಸಿ ಕ್ರಮೇಣ ಹೆಚ್ಚಿಸುತ್ತಾರೆ. ಒಂದು ರಾತ್ರಿ ಮರೆತರೆ ಮರುದಿನ ಎರಡು ಪಾಲು ನುಂಗಬಾರದು. ಹೃದ್ರೋಗ, ಮೂರ್ಛೆರೋಗ, ಕಣ್ಣಿನ ಒತ್ತಡ, ಪ್ರಾಸ್ಟೇಟ್ ತೊಂದರೆ ಇದ್ದರೆ ಮೊದಲೇ ತಿಳಿಸಬೇಕು. ಮದ್ಯಪಾನ ಕೂಡದು. ನೆಗಡಿಯ ಮಾತ್ರೆ, ಬಸ್ ಪ್ರಯಾಣದ ವಾಂತಿಗೆ ನುಂಗುವ ಮಾತ್ರೆ, ನಿದ್ರೆಯ ಮಾತ್ರೆ, ಟ್ರಮಡಾಲ್ ಎಂಬ ನೋವಿನ ಮಾತ್ರೆ ಇವನ್ನು ಕೇಳದೆ ಜೊತೆಗೆ ಸೇರಿಸಬಾರದು. "ಒಳ್ಳೆಯ ನಿದ್ರೆ ಬರುತ್ತದೆ" ಎಂದು ನೆರೆಮನೆಯವರಿಗೆ ಹಂಚುವುದಂತೂ ತೀರ ಅಪಾಯ. ಪ್ರಾಸ್ಟೇಟ್ ಊದಿರುವ ಹಿರಿಯರಿಗೆ ಮೂತ್ರವೇ ಕಟ್ಟಿಕೊಳ್ಳಬಹುದು.

ಗರ್ಭಿಣಿಯರು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸದೆ ವೈದ್ಯರನ್ನು ಕಾಣಬೇಕು. ಬಾಣಂತಿಯ ಖಿನ್ನತೆಯನ್ನು ಗಾಳಿ, ದೃಷ್ಟಿ ಎಂದು ಕಡೆಗಣಿಸುವುದು ಇನ್ನೂ ನಿಂತಿಲ್ಲ. ಎದೆಹಾಲಿನಲ್ಲಿ ಈ ಔಷಧವು ಅತ್ಯಲ್ಪವಾಗಿ ಸೇರುವುದರಿಂದ, ವೈದ್ಯರ ಸಲಹೆಯಂತೆ ಮಗುವಿಗೆ ಹಾಲೂಡಿಸುತ್ತಲೇ ಚಿಕಿತ್ಸೆ ನಡೆಸಬಹುದು. ಮಗು ಅತಿಯಾಗಿ ಮಂಪರಾಗಿದ್ದರೆ ಅಥವಾ ಹಾಲು ಕುಡಿಯದಿದ್ದರೆ ಕೂಡಲೆ ತೋರಿಸಬೇಕು.

ಮೂತ್ರ ಕಟ್ಟುವುದು, ಕಣ್ಣು ಕೆಂಪಾಗಿ ತೀವ್ರ ನೋವು ಬರುವುದು, ಎದೆಬಡಿತ ತಪ್ಪುವುದು, ಸೆಳವು, ದಿಕ್ಕು ತೋಚದ ಗೊಂದಲ ಇವು ಕಂಡರೆ ಆ ದಿನವೇ ಆಸ್ಪತ್ರೆಗೆ ಹೋಗಬೇಕು. ಕುಗ್ಗಿದ್ದವರು ಇದ್ದಕ್ಕಿದ್ದಂತೆ ಅತಿ ಉತ್ಸಾಹದಿಂದ ನಿದ್ರೆಯಿಲ್ಲದೆ ಓಡಾಡಿ, ಹಣ ಚೆಲ್ಲತೊಡಗಿದರೆ ಅದನ್ನು ಗುಣವೆಂದು ತಿಳಿಯದೆ ವೈದ್ಯರಿಗೆ ತಿಳಿಸಬೇಕು. ಮೊದಲ ಕೆಲವು ವಾರಗಳಲ್ಲಿ, ವಿಶೇಷವಾಗಿ 25 ವರ್ಷದೊಳಗಿನವರಲ್ಲಿ, ಸಾಯುವ ಆಲೋಚನೆ ಹೆಚ್ಚಬಹುದು. ಆಗ ಅವರನ್ನು ಒಂಟಿಯಾಗಿ ಬಿಡಬಾರದು. "ಅಂಥ ಯೋಚನೆ ಬರುತ್ತಿದೆಯೇ?" ಎಂದು ನೇರವಾಗಿ ಕೇಳುವುದರಿಂದ ಕೇಡಾಗುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. 2022ರಲ್ಲಿ ಪ್ರಾರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೂ ಉಚಿತವಾಗಿ ಕರೆಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಎಲ್ಲಕ್ಕಿಂತ ಮುಖ್ಯವಾದುದು ಮಾತ್ರೆಗಳನ್ನು ಇಡುವ ಜಾಗ. ಮಿತಿಮೀರಿದ ಅಮಿಟ್ರಿಪ್ಟಿಲಿನ್ ಹೃದಯಕ್ಕೆ ವಿಷ. ಈ ವಿಷಯದಲ್ಲಿ ಹೊಸ ಔಷಧಗಳಿಗಿಂತ ಇದು ಹೆಚ್ಚು ಅಪಾಯಕರ. ಮಿಠಾಯಿಯೆಂದು ತಿಂದ ಎಳೆಯ ಮಗುವಿಗೆ ಕೆಲವೇ ಮಾತ್ರೆಗಳು ಪ್ರಾಣಾಂತಿಕವಾಗಬಹುದು. ಆದ್ದರಿಂದ ಮನೆಯ ಹಿರಿಯರೊಬ್ಬರು ಬೀಗದ ಪೆಟ್ಟಿಗೆಯಲ್ಲಿಟ್ಟು, ಪ್ರತಿ ರಾತ್ರಿಯ ಮಾತ್ರೆಯನ್ನು ತಾವೇ ಕೈಯಲ್ಲಿ ಕೊಡುವುದು ಉತ್ತಮ. ಒಮ್ಮೆಗೆ ಒಂದೆರಡು ವಾರದ ಮಾತ್ರೆಗಳನ್ನಷ್ಟೇ ಕೊಡುತ್ತಾರೆಂದು ಬೇಸರಿಸುವವರು ಈ ಕಾರಣವನ್ನು ಅರಿಯಬೇಕು. ಹೆಚ್ಚು ನುಂಗಿದ ಶಂಕೆಯಿದ್ದರೆ, ರೋಗಿಯು ಸುಮ್ಮನೆ ನಿದ್ರಿಸುತ್ತಿರುವಂತೆ ಕಂಡರೂ ಬೆಳಗಿನವರೆಗೆ ಕಾಯಕೂಡದು. ಕೆಲವೇ ಗಂಟೆಗಳಲ್ಲಿ ಸೆಳವು ಬಂದು ಹೃದಯದ ಗತಿ ಕೆಡಬಹುದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸದೆ, 108ಕ್ಕೆ ಕರೆಮಾಡಿ, ಮಾತ್ರೆಯ ಖಾಲಿ ಪಟ್ಟಿಯನ್ನೂ ಜೊತೆಗೆ ತರಬೇಕು.

ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಚಿಕಿತ್ಸೆ ಬೇಕು. ಬೇಗ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಥಟ್ಟನೆ ನಿಲ್ಲಿಸಿದರೆ ವಾಕರಿಕೆ, ತಲೆನೋವು, ಚಡಪಡಿಕೆ, ನಿದ್ರಾಭಂಗ ಉಂಟಾಗುತ್ತವೆ. ಇದನ್ನು ಕಂಡು ಚಟ ಹತ್ತಿತೆಂದು ಹೆದರುವುದು ಸರಿಯಲ್ಲ. ವೈದ್ಯರು ನಾಲ್ಕು ವಾರ ಅಥವಾ ಅದಕ್ಕೂ ಹೆಚ್ಚು ಕಾಲದಲ್ಲಿ ಪ್ರಮಾಣವನ್ನು ಇಳಿಸುತ್ತ ಬಂದರೆ ತೊಂದರೆ ಬಹಳಷ್ಟು ತಪ್ಪುತ್ತದೆ. ಉಳಿದ ಮಾತ್ರೆಗಳನ್ನು ಮನೆಯಲ್ಲಿ ಕೂಡಿಡದೆ, ಮುಂದಿನ ಭೇಟಿಯಲ್ಲಿ ಆಸ್ಪತ್ರೆಗೆ ತಂದೊಪ್ಪಿಸತಕ್ಕದ್ದು.