ಕರೆಂಟು ಬಂದರೂ ಹೊತ್ತದ ದೀಪ

ಲಿಂಗನಮಕ್ಕಿ ಅಣೆಕಟ್ಟು ಸಾಗರ ತಾಲೂಕಿನದು, ಮಾಣಿ ಅಣೆಕಟ್ಟು ಹೊಸನಗರದ್ದು. ನಾಡಿಗೆಲ್ಲ ವಿದ್ಯುತ್ತಿನ ನೀರು ಕೂಡಿಡುವ ಈ ಸೀಮೆಯಲ್ಲಿ ಮಳೆ ಹಿಡಿಯಿತೆಂದರೆ ಲೈನಿನ ಮೇಲೆ ಮರ ಬಿದ್ದು ಕರೆಂಟು ಹೋಗುವುದು ಸುದ್ದಿಯೇ ಅಲ್ಲ. ಹೋದ ಕರೆಂಟು ಕೂಡಲೇ ಬಂದಾಗ ಒಂದು ತಮಾಷೆ ಗಮನಿಸಿ. ಮನೆಯ ಬಲ್ಬು ತಕ್ಷಣ ಹೊತ್ತಿಕೊಳ್ಳುತ್ತದೆ. ಪೇಟೆಯ ಹಳೆಯ ಸೋಡಿಯಂ ಬೀದಿದೀಪ ಮಾತ್ರ ಮುನಿಸಿಕೊಂಡಂತೆ ಸ್ವಲ್ಪ ಹೊತ್ತು ಕತ್ತಲಲ್ಲೇ ನಿಂತಿರುತ್ತದೆ. ಸಭಾಭವನದ ಪ್ರೊಜೆಕ್ಟರಿನ ಲ್ಯಾಂಪಿಗೂ ಇದೇ ಮುನಿಸು. ಅದು ಗೊತ್ತಿಲ್ಲದೆ ನಾವು ಲ್ಯಾಂಪನ್ನು ಬೇಗ ಸಾಯಿಸುತ್ತೇವೆ.

ಹಿಂದಿನ ಸಣ್ಣ ಪ್ರೊಜೆಕ್ಟರುಗಳಿಗೆ ಈ ಮುನಿಸಿರಲಿಲ್ಲ. ಹೆಗ್ಗೋಡಿನ ರಂಗಸಂಸ್ಥೆ ನೀನಾಸಂ 1973ರಲ್ಲಿ ಚಿತ್ರಸಮಾಜ ಕಟ್ಟಿ ಹಳ್ಳಿಯವರಿಗೆ ಜಗತ್ತಿನ ಸಿನಿಮಾ ತೋರಿಸಲು ಹೊರಟ ಕಾಲದಲ್ಲಿ, 16 ಎಂಎಂ ಪ್ರೊಜೆಕ್ಟರುಗಳಲ್ಲಿ ಸಾಮಾನ್ಯವಾಗಿ ಇರುತ್ತಿದ್ದದ್ದು ಟಂಗ್‌ಸ್ಟನ್ ತಂತಿಯ ಬಲ್ಬು. ತಂತಿ ಹರಿದರೆ ಬೇರೆ ಬಲ್ಬು ಸಿಕ್ಕಿಸಿದರಾಯಿತು.

ಪ್ರೊಜೆಕ್ಟರಿಗೆಂದು 1995ರಲ್ಲಿ ಫಿಲಿಪ್ಸ್ ಹೊರತಂದ ಅತಿ ಒತ್ತಡದ ಪಾದರಸ ದೀಪದ ಜಾತಿಯೇ ಬೇರೆ. ಹಿಂದಿನಿಂದ ಪರದೆಗೆ ಬೆಳಕು ಬೀರುತ್ತಿದ್ದ ಬೀರುಗಾತ್ರದ ಟಿವಿಗಳಲ್ಲೂ ಇಂಥದೇ ದೀಪವಿರುತ್ತಿತ್ತು. ಆ ಟಿವಿಗಳ ಕಾಲ ಮುಗಿದರೂ ಶಾಲೆ, ಛತ್ರಗಳ ಎಷ್ಟೋ ಪ್ರೊಜೆಕ್ಟರುಗಳಲ್ಲಿ ದೀಪ ಉಳಿದಿದೆ. ಇದರೊಳಗೆ ತಂತಿಯೇ ಇಲ್ಲ. ಸುಲಿದ ಅಡಿಕೆಗಿಂತ ಚಿಕ್ಕದಾದ ಕ್ವಾರ್ಟ್ಜ್ ಬುರುಡೆ. ಅದರಲ್ಲಿ ಮಿಲಿಮೀಟರಿನಷ್ಟು ಅಂತರದಲ್ಲಿ ಎದುರುಬದುರಾಗಿ ನಿಂತ ಎರಡು ಟಂಗ್‌ಸ್ಟನ್ ಮೊನೆಗಳು. ಬೆಳಕು ಒಂದು ಚುಕ್ಕಿಯಿಂದ ಹೊರಟರೆ ಮಾತ್ರ ಅದನ್ನು ಚಿತ್ರ ಮೂಡಿಸುವ ಉಗುರಗಲದ ಚಿಪ್ಪಿನ ಮೇಲೆ ಒಟ್ಟುಗೂಡಿಸಲು ಸಾಧ್ಯ, ಅದಕ್ಕೇ ಇಷ್ಟು ಕಿರಿದು.

ದೀಪ ಉರಿಯುವಾಗ ಒಳಗಿನ ಪಾದರಸವೆಲ್ಲ ಆವಿಯಾಗಿ ಸುಮಾರು 200 ವಾಯುಮಂಡಲದಷ್ಟು ಒತ್ತಡ ಏರುತ್ತದೆ. ಕಾರಿನ ಟಯರಿಗೆ ಗಾಳಿ ಹೊಡೆಸುವಾಗ ಮೀಟರು ತೋರಿಸುವ ಒತ್ತಡ ಎರಡು ವಾಯುಮಂಡಲದ ಆಸುಪಾಸು, ಅಷ್ಟೇ. ತಣ್ಣಗಿದ್ದಾಗ ಪಾದರಸ ಗೋಡೆಗೆ ಹನಿಯಾಗಿ ಅಂಟಿರುತ್ತದೆ, ಒಳಗೆಲ್ಲ ಖಾಲಿ ಖಾಲಿ. ಸಾವಿರಾರು ವೋಲ್ಟಿನ ಒಂದು ಏಟಿಗೆ ಕಿಡಿ ಜಿಗಿಯುತ್ತದೆ. ಬಿಸಿಯಿದ್ದಾಗ ಅದೇ ಏಟು ಸಾಲದು. ಸಾಗರದ ಮಾರಿಜಾತ್ರೆಯ ನೂಕುನುಗ್ಗಲಿನಲ್ಲಿ ಓಡಲು ಹೋದವನ ಹಾಗೆ ಎಲೆಕ್ಟ್ರಾನು ಹೆಜ್ಜೆಹೆಜ್ಜೆಗೂ ಪಾದರಸದ ಪರಮಾಣುವಿಗೆ ಡಿಕ್ಕಿ ಹೊಡೆದು ವೇಗವನ್ನೇ ಪಡೆಯುವುದಿಲ್ಲ. ಆವಿ ಮತ್ತೆ ಹನಿಯಾಗುವವರೆಗೆ ಕಾಯಲೇಬೇಕು.

ಆದರೆ ಕಾಯುವವರು ಯಾರು? ಮಕ್ಕಳು ಕೂಗುತ್ತಿದ್ದಾರೆ, ಭಾಷಣಕಾರರು ಗಡಿಯಾರ ನೋಡುತ್ತಿದ್ದಾರೆ, ಯಾರೋ ಬಟನ್ ಒತ್ತುತ್ತಲೇ ಇದ್ದಾರೆ. ಪ್ರತಿ ಸಲ ಹೊತ್ತಿಸುವಾಗಲೂ ಮೊನೆಯಿಂದ ಟಂಗ್‌ಸ್ಟನ್ನಿನ ಕಣ ಸಿಡಿದು ಬುರುಡೆಯ ಒಳಗೋಡೆಗೆ ಮಸಿ ಹಿಡಿಯುತ್ತದೆ. ಉರಿಯುವಾಗ ಒಳಗಿರುವ ಚೂರು ಹ್ಯಾಲೊಜೆನ್ ಆ ಮಸಿಯನ್ನು ಕೆರೆದು ಮೊನೆಗೆ ವಾಪಸ್ ಒಯ್ಯುತ್ತದೆ, ನಿಜ. ಅದಕ್ಕೂ ಪುರುಸೊತ್ತು ಕೊಡದಿದ್ದರೆ ಮಸಿ ಬೆಳಕನ್ನೇ ನುಂಗಿ ಬಿಸಿಯೇರುತ್ತದೆ. ಬಿಸಿ ಲಾಟೀನಿನ ಗಾಜಿಗೆ ನೀರ ಹನಿ ಬಿದ್ದರೆ ಚಟ್ ಎನ್ನುತ್ತದೆ. ಕ್ವಾರ್ಟ್ಜ್ ಅದಕ್ಕೆಲ್ಲ ಜಗ್ಗುವುದಿಲ್ಲ. ಅತಿ ಬಿಸಿಯಲ್ಲೇ ಇದ್ದರೆ ಮಾತ್ರ ಹರಳುಗಟ್ಟಿ ಬೆಳ್ಳಗಾಗುತ್ತದೆ, ಉಬ್ಬುತ್ತದೆ, ಒಂದು ದಿನ ಠಪ್ ಎಂದು ಒಡೆಯುತ್ತದೆ.

ಆದ್ದರಿಂದ ಪ್ರೊಜೆಕ್ಟರಿಗೆ ಯುಪಿಎಸ್ ಬೇಕು ಎಂದು ಸಮಿತಿಯಲ್ಲಿ ಯಾರಾದರೂ ಹೇಳಿದರೆ ಅದು ದುಂದುವೆಚ್ಚವಲ್ಲ. ಆರಿಸಿದ ಮೇಲೂ ಫ್ಯಾನು ಒಂದೆರಡು ನಿಮಿಷ ತಿರುಗಿ ದೀಪವನ್ನು ತಣಿಸಬೇಕು, ಅದಕ್ಕೂ ಕರೆಂಟು ಬೇಕಲ್ಲ. ಗಾಳಿ ಎಳೆಯುವ ಜಾಲರಿಯಲ್ಲಿ ಮಳೆಹುಳದ ರೆಕ್ಕೆ ತುಂಬಿದೆಯೇ ಎಂದೂ ಆಗಾಗ ನೋಡಿ.

ಲ್ಯಾಂಪ್ ಬದಲಿಸುವ ಕೆಲಸ ಕಷ್ಟದ್ದಲ್ಲ. ಪ್ಲಗ್ ಕಿತ್ತು ಒಂದು ತಾಸು ಬಿಡಿ. ಸ್ಕ್ರೂ ಸಡಿಲಿಸಿ, ಹಿಡಿಕೆ ಹಿಡಿದು ಗೂಡಿನ ಸಮೇತ ಎಳೆಯಿರಿ. ಹೊಸದರ ಕ್ವಾರ್ಟ್ಜನ್ನು ಬೆರಳಿಂದ ಮುಟ್ಟಬೇಡಿ, ಬೆವರಿನ ಉಪ್ಪು ಬಿಸಿಗೆ ಅದರೊಳಗೇ ಸುಟ್ಟುಕೊಳ್ಳುತ್ತದೆ. ಮುಚ್ಚಳ ಸರಿಯಾಗಿ ಕೂರದಿದ್ದರೆ ಅಲ್ಲಿನ ಪುಟ್ಟ ಸ್ವಿಚ್ಚು ಒತ್ತಿಕೊಳ್ಳದೆ ಯಂತ್ರ ಹೊತ್ತುವುದೇ ಇಲ್ಲ. ರಿಪೇರಿಯವರನ್ನು ಕರೆಯುವ ಮೊದಲು ಅದನ್ನು ನೋಡಿ. ಕೊನೆಗೆ ಮೆನುವಿನಲ್ಲಿ ಲ್ಯಾಂಪಿನ ಗಂಟೆಗಳ ಲೆಕ್ಕವನ್ನು ಸೊನ್ನೆಗೆ ತನ್ನಿ.

ಹಳೆಯದರಲ್ಲಿ ಪಾದರಸ ಹಾಗೇ ಇರುತ್ತದೆ. ಅದನ್ನು ತೋಟದ ಗೊಬ್ಬರಗುಂಡಿಗೆ ಎಸೆಯಬೇಡಿ, ಹೊಸದು ತಂದ ಡಬ್ಬಿಯಲ್ಲೇ ಇಟ್ಟು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.